ಏಳುವ ಮುನ್ನ ಉಳಿಸಿ

"ಎರಡು ಸಲ ಕೇಳ್ತು. ಎರಡು ಸಲಾನೂ ಹೂಂ ಅಂದೆ" ಎಂದರು ಅತ್ತೆ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಳ್ಳುತ್ತ. ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿ ಮುಗಿಸಿದವರ ನೆಮ್ಮದಿ ಅವರ ಮುಖದಲ್ಲಿತ್ತು.

ಅಳಿಯ ಮುದ್ರಣಾಲಯದಿಂದ ಆಗಷ್ಟೇ ಬಂದಿದ್ದ. ಹೆಗಲಿನ ಚೀಲ ಇನ್ನೂ ಹೆಗಲಿನಲ್ಲೇ ಇತ್ತು. ಕಂಪ್ಯೂಟರಿನ ಪರದೆಯ ಮೇಲೆ, ನಿನ್ನೆ ಸಂಜೆ ಉಳಿಸಿಟ್ಟ ಆಟ 'ಹದಿನೇಳನೇ ಮಹಡಿ' ಎಂದು ತೋರಿಸುತ್ತಿದ್ದ ಜಾಗ ಬೋಳಾಗಿತ್ತು. ದಿನವಿಡೀ ಕರಡಚ್ಚು ತಿದ್ದುವ ಕಣ್ಣಿಗೆ ಒಮ್ಮೊಮ್ಮೆ ಇದ್ದದ್ದೂ ಕಾಣುವುದಿಲ್ಲ ಎಂದುಕೊಂಡು ಕಣ್ಣುಜ್ಜಿ ನೋಡಿದ. ಉಜ್ಜಿದ ಮೇಲೆ ಬೋಳು ಇನ್ನಷ್ಟು ಸ್ಪಷ್ಟವಾಯಿತು.

"ಏನಂತ ಕೇಳ್ತು, ಅತ್ತೆ?"

"ನಿಜವಾಗ್ಲೂ ಅಳಿಸಲಾ ಅಂತ. ನನಗೂ ಒಂದು ಚೂರು ಅನುಮಾನ ಬಂತು. ಆದ್ರೆ ಅಳಿಯಂದಿರೇ ಬರೆದಿಟ್ಟಿದ್ದಾರೆ, ಅವಧಿ ಮುಗಿದ ಸ್ಟಾಕ್ ತೆಗೀತಿದ್ದಾರೇನೋ ಅಂದ್ಕೊಂಡು ಒತ್ತಿಬಿಟ್ಟೆ."

ಕೀಲಿಮಣೆಯ ಪಕ್ಕ, ಬೆಳಿಗ್ಗೆ ಅವಸರದಲ್ಲಿ ಅವನು ಗೀಚಿಟ್ಟು ಹೋಗಿದ್ದ ಚೀಟಿ ಹಾಗೇ ಇತ್ತು. ಅವನು ಬರೆದದ್ದು 'ಏಳುವ ಮುನ್ನ ಉಳಿಸಿ'. ಅತ್ತೆ ಓದಿದ್ದು 'ಏಳುವ ಮುನ್ನ ಅಳಿಸಿ'. ಅಳಿಸುವುದಕ್ಕೆ ಎರಡು ಅರ್ಥ, ಒರೆಸಿಹಾಕುವುದು ಮತ್ತು ಕಣ್ಣೀರು ಹಾಕಿಸುವುದು. ಅತ್ತೆ ಎರಡನ್ನೂ ಒಂದೇ ಗುಂಡಿಯಲ್ಲಿ ಸಾಧಿಸಿದ್ದರು.

ಅವನ ಕಾಲೇಜು ದಿನಗಳಿಂದ ಕೂಡಿಬಿದ್ದ ಆಟಗಳು ಒಂದು ಬೂಟಿನ ಡಬ್ಬದಲ್ಲಿದ್ದವು. ಒಟ್ಟು ಇಪ್ಪತ್ತಾರು ಸಿಡಿ. ಒಂದನ್ನು ಅರ್ಧಕ್ಕೆ ತಂದು, ಇನ್ನೊಂದನ್ನು ಕಾಲು ಭಾಗ ಆಡಿ, ಮೂರನೆಯದರ ಆಸೆಗೆ ಬೀಳುವುದು ಅವನ ರೀತಿ. ಹೆಂಡತಿ ಅವನನ್ನು ಆರಂಭಶೂರ ಎಂದು ಕರೆಯುತ್ತಿದ್ದಳು. 'ಆರಂಭ' ಎನ್ನುವಾಗ ಏರುತ್ತಿದ್ದ ದನಿ 'ಶೂರ' ಎನ್ನುವ ಹೊತ್ತಿಗೆ ಇಳಿದುಹೋಗುತ್ತಿತ್ತು. ಹೋದ ತಿಂಗಳು ರಿಪೇರಿಯವನು ಬಂದು ಕಂಪ್ಯೂಟರಿನ ಪೆಟ್ಟಿಗೆಗೆ ಕಿವಿಯಿಟ್ಟು ಆಲಿಸಿ, ರೋಗಿಯ ಕಡೆಯವರನ್ನು ಹೊರಗೆ ಕರೆದು ಮಾತಾಡುವ ಡಾಕ್ಟರ ದನಿಯಲ್ಲಿ, ಇನ್ನು ಐದಾರು ವಾರ ಅಷ್ಟೇ, ಈ ಪಾರ್ಟ್ ಈಗ ಬರುವುದಿಲ್ಲ ಎಂದಿದ್ದ. ಹೊಸ ಕಂಪ್ಯೂಟರಿನಲ್ಲಿ ಈ ಹಳೆಯ ಆಟಗಳು ಏಳುವುದೇ ಇಲ್ಲ ಎಂದೂ ಸೇರಿಸಿದ್ದ. ಅಂದೇ ಅಳಿಯ ಶಪಥ ಮಾಡಿದ. ಯಂತ್ರದ ಉಸಿರು ನಿಲ್ಲುವುದರೊಳಗೆ ಇಪ್ಪತ್ತಾರನ್ನೂ ಮುಗಿಸಿಯೇ ಸೈ.

ಅದೇ ವಾರ ಅತ್ತೆ ಮೆಟ್ಟಿಲು ತಪ್ಪಿ ಪಾದದ ಮೂಳೆ ಮುರಿದುಕೊಂಡು ಮಗಳ ಮನೆಗೆ ಬಂದರು. ಮೂವತ್ತೆರಡು ವರ್ಷ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತ ಕಾಲು, ಕೂತು ಅಭ್ಯಾಸವಿಲ್ಲ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಅತ್ತೆ ಅಳಿಯರ ನಡುವೆ ನಡೆದ ಮಾತನ್ನೆಲ್ಲ ಕೂಡಿಹಾಕಿದರೆ "ಊಟ ಆಯ್ತಾ?", "ಆಯ್ತು, ನಿಮ್ದು?" ಎಂಬ ಒಂದೇ ಸಾಲನ್ನು ಮತ್ತೆ ಮತ್ತೆ ಅಚ್ಚು ಹಾಕಿದಂತಿರುತ್ತಿತ್ತು. ಬೇಸರಕ್ಕೆ ಒಂದು ಆಟ ಹಾಕಿಸಿಕೊಂಡವರು ಮೂರನೇ ದಿನಕ್ಕೆ ಹಗಲು ಪಾಳಿಯನ್ನೇ ವಹಿಸಿಕೊಂಡರು. ಊಟಕ್ಕೆ ಮೊದಲು ಎರಡು ಹಂತ, ಊಟದ ಮೇಲೆ ಒಂದು. ಹಂತಗಳ ಗುಪ್ತಸಂಖ್ಯೆಗಳನ್ನು ಔಷಧಿಯ ಬ್ಯಾಚ್ ನಂಬರಿನಂತೆ ನೋಟ್ ಪುಸ್ತಕದಲ್ಲಿ ಬರೆದಿಡುವರು. ಒಂದೇ ಒಂದು ತೊಂದರೆಯೆಂದರೆ, ಆಟದಲ್ಲಿ ಜೀವ ತುಂಬುವ ಹಸಿರು ಬಾಟಲಿ ಎದುರಿಗೇ ಬಿದ್ದಿದ್ದರೂ ಲೇಬಲ್ ಇಲ್ಲದ ಔಷಧಿಯನ್ನು ಕುಡಿಸಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಹೀಗಾಗಿ ಹಲವು ವೀರರು ಔಷಧಿಯ ಪಕ್ಕದಲ್ಲೇ ಪ್ರಾಣ ಬಿಟ್ಟರು. ಆದರೂ ನಾಲ್ಕು ವಾರದಲ್ಲಿ ಅಳಿಯ ಹನ್ನೆರಡು ಮುಗಿಸಿದರೆ ಅತ್ತೆ ಹದಿಮೂರು.

ಉಳಿದದ್ದು ಒಂದೇ, ಹದಿನೆಂಟು ಮಹಡಿಯ ಕೋಟೆ. ಅದನ್ನು ಅವನು ತನಗೆಂದೇ ಇಟ್ಟುಕೊಂಡಿದ್ದ. ಹದಿನೇಳನೆಯ ಮಹಡಿ ತಲುಪುವಷ್ಟರಲ್ಲಿ ಪೆಟ್ಟಿಗೆ ಊಳಿಡಲು ಶುರುಮಾಡಿತು. ಇನ್ನು ತಡಮಾಡಿದರೆ ಕೆಟ್ಟೆ ಎಂದು ಆ ಬೆಳಿಗ್ಗೆ ಮೊದಲ ಸಲ ಕೋಟೆಯನ್ನು ಹಗಲು ಪಾಳಿಗೆ ಒಪ್ಪಿಸಿ, ಚೀಟಿ ಬರೆದಿಟ್ಟು ಹೋಗಿದ್ದ.

ಹೆಂಡತಿ ಆಸ್ಪತ್ರೆಯ ಕೆಲಸ ಮುಗಿಸಿ ಬರುವ ಹೊತ್ತಿಗೆ ಹೋದ ಕೋಟೆಯ ಸುದ್ದಿ ಹಿಂದೆ ಬಿದ್ದು, ಜಗಳ ಒಂದು ಅಕ್ಷರಕ್ಕೆ ಬಂದು ನಿಂತಿತ್ತು.

"ಇದು ಉ, ಅತ್ತೆ. ಹತ್ತೊಂಬತ್ತು ವರ್ಷದಿಂದ ಅಕ್ಷರ ತಿದ್ದೋದೇ ನನ್ನ ಕೆಲಸ. ನಾನು ಬರೆದಿದ್ದು ನನಗೆ ಗೊತ್ತಾಗಲ್ವಾ?"

"ನೀವು ಬರೆದಿದ್ದು ನಿಮಗೆ ಗೊತ್ತಾಗತ್ತೆ. ಓದೋರಿಗೆ ಗೊತ್ತಾಗಬೇಕಲ್ಲ. ಎಂಥೆಂಥಾ ಡಾಕ್ಟರ ಕೈಬರಹ ಓದಿದ್ದೀನಿ ನಾನು. ಬರೆದವರೇ ಫೋನ್ ಮಾಡಿ, ಮೇಡಂ, ನಾನು ಏನು ಬರೆದಿದ್ದೀನಿ ನೋಡಿ ಅಂತ ಕೇಳೋರು. ಮೂವತ್ತೆರಡು ವರ್ಷದಲ್ಲಿ ಒಂದು ಮಾತ್ರೆ ಆಚೀಚೆ ಆಗಿಲ್ಲ."

ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಊರವರ ಅಕ್ಷರವನ್ನೆಲ್ಲ ತಿದ್ದುವ ಅವನ ಸ್ವಂತ ಕೈಬರಹ ಶಾಯಿಯಲ್ಲಿ ಬಿದ್ದೆದ್ದ ಇರುವೆ ಮನೆ ಹುಡುಕಿಕೊಂಡು ಹೋದಂತಿತ್ತು. ಹೆಂಡತಿ ಎಕ್ಸ್‌ರೇ ತೆಗೆಯುವವಳು. ಚೀಟಿಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಎಡಕ್ಕೂ ಬಲಕ್ಕೂ ತಲೆ ವಾಲಿಸಿ ನೋಡಿದಳು.

"ಮುರಿದಿಲ್ಲ. ಕೂದಲೆಳೆ ಬಿರುಕು ಇದೆ" ಎಂದಳು. ಆಮೇಲೆ ಗಂಡ ಮುದ್ರಣಾಲಯದಲ್ಲಿ ಗಟ್ಟಿಯಾಗಿ ಕರಡು ಓದುವ ಧಾಟಿಯನ್ನೇ ಹಿಡಿದು, ಮೂಗಿನಿಂದ, "ಅತ್ತೆಯವರೇ ಅಲ್ಪವಿರಾಮ ನೀವು ನನ್ನ ಕೋಟೆಯನ್ನು ಕೆಡವಿದಿರಿ ಪೂರ್ಣವಿರಾಮ" ಎಂದಳು. ಯಾರೂ ನಗಲಿಲ್ಲ. ಅತ್ತೆ ಚೀಟಿಯನ್ನು ವಾಪಸು ತೆಗೆದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು, ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅಳಿಯ ಶೂ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಅವರು ಮಗಳ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಉದ್ದ ಕೋಟಿನವರೊಬ್ಬರು ಅಂಗಡಿಗೆ ಬರ್ತಿದ್ರು ಕಣೆ, ಕೆಮ್ಮು ಇತ್ತು. ಮೂರು ತಿಂಗಳು ಬಂದ್ರು, ಅವರ ಚೀಟೀನೂ ನಾನೇ ಓದ್ತಿದ್ದೆ. ಆಮೇಲೆ ಬರ್ಲೇ ಇಲ್ಲ. ವಾಸಿ ಆಯ್ತು ಅಂತ ನಾನು ಎಷ್ಟು ಖುಷಿಪಟ್ಟಿದ್ದೆ."

ಮಗಳು ಏನೋ ಸಮಾಧಾನ ಹೇಳಿದಳು. ಅದಕ್ಕೆ ಅತ್ತೆ, "ಬರದೇ ಇದ್ದೋರೆಲ್ಲ ವಾಸಿ ಆದೋರೇ ಅಂತ ಅಂದ್ಕೊಂಡಿದ್ನಲ್ಲ ಇಷ್ಟು ವರ್ಷ" ಎಂದರು.

ಅಳಿಯ ಬಲಗಾಲಿನ ಲೇಸನ್ನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಹೋಗುವಾಗ ಚೀಟಿಯನ್ನು ಜೇಬಿಗೆ ಹಾಕಿಕೊಂಡ.

ಅಂದು ಮುದ್ರಣಾಲಯದಲ್ಲಿ ಅವನ ಮುಂದಿದ್ದದ್ದು ಉಪ್ಪಿನ ಕಾರ್ಖಾನೆಯೊಂದರ ವಾರ್ಷಿಕ ವರದಿ. ಪುಟಕ್ಕೆ ನಲವತ್ತು ಉ. ಒಂದೊಂದೂ ಅವನನ್ನು ನೋಡಿ ಏನು ಸಮಾಚಾರ ಎಂದು ಕೇಳುವಂತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಚೀಟಿಯನ್ನು ಮೇಜಿನ ಮೇಲೆ ಹರಡಿ, ಸಣ್ಣಕ್ಷರ ನೋಡುವ ಭೂತಗನ್ನಡಿಯನ್ನು ಅದರ ಮೇಲಿಟ್ಟ. ಗಾಜಿನಡಿ ದಪ್ಪಗೆ ಉಬ್ಬಿ ನಿಂತದ್ದು ಉ. ಸಂಶಯಕ್ಕೆ ಎಡೆಯೇ ಇಲ್ಲದ, ಕೋರ್ಟಿಗೆ ಹೋದರೂ ಗೆಲ್ಲುವ ಉ. ಸ್ವಲ್ಪ ಹೊತ್ತು ಅವನಿಗೆ ಬಹಳ ಸಂತೋಷವಾಯಿತು.

ಆಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಹತ್ತೊಂಬತ್ತು ವರ್ಷದಲ್ಲಿ ಅವನು ಸರಿಯಿದ್ದ ಅಕ್ಷರಕ್ಕೆ ಕೆಂಪು ತಾಗಿಸಿದವನಲ್ಲ. ತಿದ್ದಿದ ಗುರುತಿದೆ ಎಂದರೆ ಅಲ್ಲಿ ತಪ್ಪು ಇತ್ತೆಂದೇ ಅರ್ಥ, ಅದು ಕಸುಬಿನ ನಂಬಿಕೆ. ಬಾಗಿಲ ಕಡೆ ಒಮ್ಮೆ ನೋಡಿ, ಆ ಉ ಮೇಲೆ ದಪ್ಪಗೆ ಗೀಟು ಎಳೆದ. ಅಂಚಿನಲ್ಲಿ, ಅಕ್ಷರ ಕಲಿಯುವ ಮಕ್ಕಳಂತೆ ನಿಧಾನವಾಗಿ, ದುಂಡಗೆ, ಇನ್ನೊಂದು 'ಉ' ಬರೆದ. ಕೆಳಗೆ ಸಹಿ, ದಿನಾಂಕ.

ಸಂಜೆ ಅತ್ತೆ ಅದೇ ಕುರ್ಚಿಯಲ್ಲಿ ಅವನಿಗಾಗಿಯೇ ಕಾದಿದ್ದರು. ಅವನು ಬಾಯಿ ತೆಗೆಯುವ ಮೊದಲೇ, ಕಣ್ಣು ತೋರಿಸಿಕೊಂಡು ಬರಬೇಕು, ಮಗಳ ಆಸ್ಪತ್ರೆಯಲ್ಲೇ ನಾಳೆಗೆ ಚೀಟಿ ಮಾಡಿಸಿದ್ದೇನೆ ಎಂದರು.

"ಕಣ್ಣಿಗೇನಾಗಿದೆ, ಅತ್ತೆ? ನೀವು ಸರಿಯಾಗೇ ಓದಿದ್ದೀರಿ" ಎಂದು ಚೀಟಿ ಮುಂದೆ ಹಿಡಿದ. "ನಾನೇ ಅ ಬರೆದುಬಿಟ್ಟಿದ್ದೆ. ಅವಸರ. ತಿದ್ದಿ ತಂದಿದ್ದೀನಿ ನೋಡಿ."

ಅತ್ತೆ ಚೀಟಿ ನೋಡಿದರು. ಕೆಂಪು ಗೀಟು ನೋಡಿದರು, ಅಂಚಿನ ದುಂಡು ಉ ನೋಡಿದರು, ಸಹಿ ನೋಡಿದರು. ನಕಲಿ ಚೀಟಿ ತಂದು ನಿದ್ದೆ ಮಾತ್ರೆ ಕೇಳುವವರನ್ನು ನೋಡುವ ಹಾಗೆ ಅಳಿಯನನ್ನೂ ನೋಡಿದರು.

"ಇದು ಉ" ಎಂದರು.

"ಅ, ಅತ್ತೆ."

"ಗೀಟಿನ ಕೆಳಗೆ ಕಾಣ್ತಾ ಇದೆ. ನಿನ್ನೆಯಿಂದ ಅದನ್ನೇ ಕಣ್ಣಲ್ಲಿ ಇಟ್ಕೊಂಡು ಕೂತಿದ್ದೀನಿ. ಉ."

"ಹತ್ತೊಂಬತ್ತು ವರ್ಷದಿಂದ ಅಕ್ಷರ ತಿದ್ದೋನು ಹೇಳ್ತಿದ್ದೀನಿ, ಅದು ಅ."

"ಮೂವತ್ತೆರಡು ವರ್ಷ ಓದಿರೋಳು ಹೇಳ್ತಿದ್ದೀನಿ. ತಪ್ಪು ನಂದೇ. ನೀವು ಕಿತ್ಕೊಳ್ಳೋಕೆ ಬರಬೇಡಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಪಕ್ಷಾಂತರ ಯಾವಾಗ ಆಯಿತು, ತನಗೆ ಯಾರೂ ತಿಳಿಸಲಿಲ್ಲವಲ್ಲ ಎಂದಳು. ಇಬ್ಬರೂ ಅವಳ ಕಡೆ ತಿರುಗಲಿಲ್ಲ. ಅವನು ಉ ಎಂಬ ಅಕ್ಷರದ ಹೊಟ್ಟೆ ಹೇಗಿರಬೇಕು, ಅಲ್ಲಿ ಹೇಗಿಲ್ಲ ಎಂದು ಗಾಳಿಯಲ್ಲಿ ಬೆರಳಾಡಿಸಿ ವಿವರಿಸತೊಡಗಿದ. ಅತ್ತೆ, ಹಾಗಾದರೆ ನಿಮ್ಮ ಹಳೆಯ ಚೀಟಿಗಳನ್ನೆಲ್ಲ ತೆಗೆಯಿರಿ, ಹೋಲಿಸಿ ನೋಡೋಣ ಎಂದು ಕಾಲನ್ನು ಸ್ಟೂಲಿನಿಂದ ಇಳಿಸಿಯೇಬಿಟ್ಟರು. ಬೆಳಿಗ್ಗೆಯಿಂದ ಗೋಡೆ ನೋಡುತ್ತಿದ್ದ ಮುಖಕ್ಕೆ ಕೌಂಟರಿನ ಕಳೆ ಮರಳಿತ್ತು.

ಹೆಂಡತಿ ಅವರಿಬ್ಬರ ನಡುವಿನಿಂದ ಕೈ ತೂರಿಸಿ ಕೋಟೆಯ ಸಿಡಿಯನ್ನು ಪೆಟ್ಟಿಗೆಗೆ ತಳ್ಳಿದಳು. ಪೆಟ್ಟಿಗೆ ಊಳಿಟ್ಟಿತು, ಕೆಮ್ಮಿತು, ಮತ್ತೆ ಊಳಿಟ್ಟಿತು. ಪರದೆಯ ಮೇಲೆ ಮೊದಲನೇ ಮಹಡಿಯ ಅಂಗಳ ತೆರೆದುಕೊಂಡಿತು. ಮೂಲೆಯಲ್ಲಿ ಪುಟ್ಟ ವೀರ, ಇನ್ನೂ ಕತ್ತಿಯೂ ಸಿಕ್ಕಿಲ್ಲ, ಟೋಪಿಯೂ ಸಿಕ್ಕಿಲ್ಲ. ಯಾರೂ ಗುಂಡಿ ಒತ್ತಲಿಲ್ಲ. ಆ ವೀರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ತಿರುಗಿಸಿ ನೋಡುತ್ತ, ನಿಂತೇ ಇದ್ದ.