ಜಯಶ್ರೀಯ ಹಿಂದೆ ಕೂತವಳು

ಫರ್ಹತ್ ತೀರಿಕೊಂಡದ್ದು ಮಳೆಗಾಲದಲ್ಲಿ, ಡೆಂಗಿ ಜ್ವರಕ್ಕೆ. ಕಾಲೇಜು ಬೇಸ್‌ಬಾಲ್ ಪಂದ್ಯಗಳು ಶುರುವಾಗುವ ಹೊತ್ತಿಗೆ ಅವಳ ಜಾಗಕ್ಕೆ ಕುರುಗೋಡಿನ ಜಯಶ್ರೀ ಬಂದಿದ್ದಳು.

ಬಳ್ಳಾರಿಯ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಎರಡು ವರ್ಷ ಬೇಸ್‌ಬಾಲ್ ಅಂದರೆ ಅಕ್ಷಿತಾ ಮತ್ತು ಫರ್ಹತ್. ಅಕ್ಷಿತಾ ಚೆಂಡು ಎಸೆಯುವ ಪಿಚರ್. ಕರೂರಿನ ಭತ್ತದ ಗದ್ದೆಗಳಲ್ಲಿ ಹಕ್ಕಿ ಓಡಿಸಲು ಹೆಂಟೆ ಎಸೆದು ಪಳಗಿದ ಕೈ ಅವಳದು. ಸಿರುಗುಪ್ಪದ ಫರ್ಹತ್ ಕ್ಯಾಚರ್. ಬ್ಯಾಟು ಹಿಡಿದವಳ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕೂತು, ಯಾವ ಚೆಂಡು ಬೇಕೆಂದು ಬೆರಳಿನಲ್ಲೇ ಹೇಳುತ್ತಿದ್ದಳು. ಒಂದು ಬೆರಳೆಂದರೆ ನೇರ, ಜೋರು. ಎರಡೆಂದರೆ ಹತ್ತಿರ ಬಂದಮೇಲೆ ತಟಕ್ಕನೆ ಕೆಳಗಿಳಿಯುವ ಚೆಂಡು. ಅಕ್ಷಿತಾ ಯೋಚಿಸುತ್ತಿರಲಿಲ್ಲ. ಬೆರಳು ನೋಡುವಳು, ಎಸೆಯುವಳು. ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಜ್ವರ ಬಂದು ಊರಿಗೆ ಹೋದ ಫರ್ಹತ್‌ಳ ಸಾವಿನ ಸುದ್ದಿ ಅಕ್ಷಿತಾಳಿಗೆ ತಿಳಿದಾಗ ಮಣ್ಣು ಮಾಡಿ ಮುಗಿದಿತ್ತು. ಆಮೇಲೆ ಊರಿಗೆ ಹೋಗಿಬರುವಾಗ ಬಸ್ಸು ಸಿರುಗುಪ್ಪದಲ್ಲಿ ನಿಂತರೂ ಅವಳು ಇಳಿದಿರಲಿಲ್ಲ.

ಮೊದಲ ಪಂದ್ಯ ಕುರುಗೋಡಿನಲ್ಲಿ, ಬಂಡೆಗುಡ್ಡದ ಬುಡದ ಮೈದಾನದಲ್ಲಿ. ಮಟಮಟ ಮಧ್ಯಾಹ್ನ. ಎದುರಿನ ಹುಡುಗಿ ಬ್ಯಾಟು ಎತ್ತಿದಳು. ಜಯಶ್ರೀ ಒಂದು ಬೆರಳು ತೋರಿಸಿದಳು. ಅವಳ ಎಡಭುಜದ ಹಿಂದೆ, ಅಷ್ಟೇ ಎತ್ತರಕ್ಕೆ, ಇನ್ನೊಬ್ಬಳು ಕೂತಿದ್ದಳು. ಮುಖಕ್ಕೆ ಜಾಲರಿ. ಉಗುರಿನ ತುದಿಯಲ್ಲಿ ಮಾತ್ರ ಉಳಿದಿದ್ದ ಮೆಹಂದಿ, ಅಕ್ಕನ ಮದುವೆಗೆ ಹಚ್ಚಿಕೊಂಡದ್ದು. ಎರಡು ಬೆರಳು.

ಅಕ್ಷಿತಾಳ ಕೈ ತಾನಾಗಿಯೇ ಎರಡು ಬೆರಳಿನ ಚೆಂಡನ್ನು ಎಸೆಯಿತು. ಎದುರಿನವಳ ಬ್ಯಾಟಿಗೆ ಬರೀ ಗಾಳಿ ಸಿಕ್ಕಿತು.

ಆ ದಿನ ಗೆದ್ದರು. ತರಬೇತಿ ಕೊಡುತ್ತಿದ್ದ ಹುಲುಗಪ್ಪ ಸರ್ ಇಂಥ ಎಸೆತವನ್ನು ತಾವು ಕಂಡೇ ಇಲ್ಲವೆಂದು ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿದರು. ಅಕ್ಷಿತಾ ತನ್ನ ಪೊಟ್ಟಣವನ್ನು ಪಕ್ಕದವಳಿಗೆ ದಾಟಿಸಿದಳು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿರಬೇಕು ಎಂದುಕೊಂಡಳು. ಆದರೆ ಮುಂದಿನ ಪಂದ್ಯದಲ್ಲೂ ಫರ್ಹತ್ ಬಂದಳು, ಅದರ ಮುಂದಿನದರಲ್ಲೂ. ಮಾತಿಲ್ಲ, ನಗುವಿಲ್ಲ. ಬೆರಳು ಅಷ್ಟೆ. ಆ ಬೆರಳು ಹೇಳಿದ್ದು ಒಮ್ಮೆಯೂ ತಪ್ಪಲಿಲ್ಲ. ಭಯ ಕಳೆದು, ಅಕ್ಷಿತಾ ಪಂದ್ಯದ ದಿನಗಳಿಗಾಗಿ ಕಾಯತೊಡಗಿದಳು. ಹಾಸ್ಟೆಲ್ಲಿನ ಖಾಲಿ ಮಂಚದ ಮೇಲೆ ಯಾರೂ ಬ್ಯಾಗು ಇಡದಂತೆ ನೋಡಿಕೊಂಡಳು.

ಪೆಟ್ಟು ಬೀಳುತ್ತಿದ್ದದ್ದು ಜಯಶ್ರೀಗೆ. ಜೋರಾಗಿ ನೇರಕ್ಕೆ ಬರುತ್ತದೆಂದು ಕೈಯೊಡ್ಡಿದರೆ ಚೆಂಡು ಕೆಳಗಿಳಿದು ಮೊಣಕಾಲಿಗೆ ಬಡಿಯುತ್ತಿತ್ತು. ಸಿರುಗುಪ್ಪದಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ಅದು ನೆಲಕ್ಕೆ ತಾಗಿ ಎದ್ದು ಅವಳ ಕೊರಳಿನ ಎಲುಬಿಗೆ ಬಡಿಯಿತು. ಜಯಶ್ರೀ ಉಸಿರು ಸಿಕ್ಕದೆ ಮಣ್ಣಿನಲ್ಲಿ ಬಿದ್ದಳು. ಎಲ್ಲರೂ ಓಡಿದರು. ಅಕ್ಷಿತಾ ನಿಂತಲ್ಲೇ ನಿಂತಿದ್ದಳು. ಬಿದ್ದವಳ ಹಿಂದೆ ಕೂತಿದ್ದವಳು ಅಲ್ಲಾಡಿರಲಿಲ್ಲ. ಮುಂದಿನ ಚೆಂಡಿಗೆ ಬೆರಳು ತೋರಿಸುತ್ತಿದ್ದಳು.

ಪಂದ್ಯ ಗೆದ್ದ ಮೇಲೆ ಜಯಶ್ರೀ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೊರಳಿಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದಳು. ಅಕ್ಷಿತಾ ಪಕ್ಕದಲ್ಲಿ ಕೂತು, ಹೇಳಬೇಕಾದ್ದನ್ನು ಹೇಳಿಬಿಟ್ಟಳು.

"ನಿನ್ನ ಹಿಂದ ಫರ್ಹತ್ ಕುಂದರ್ತಾಳ. ನಾ ಅಕೀನ ನೋಡಿ ಎಸೀತೀನಿ."

ಜಯಶ್ರೀ ಬೆಚ್ಚಲಿಲ್ಲ. "ಯಾರೋ ಅದಾರ ಅಂತ ಗೊತ್ತೈತಿ. ಕುತ್ತಿಗಿಗೆ ಉಸಿರು ತಾಕತೈತಿ," ಅಂದಳು. ಮಂಜುಗಡ್ಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮತ್ತೆ ಅಂದಳು: "ಇರ್ಲಿ ಬಿಡು. ಆದ್ರ ಚೆಂಡು ಹಿಡಿಯೋ ಕೈ ನಂದು, ಅಕ್ಷಿತಾ."

ಆ ಸಂಜೆ ಅಕ್ಷಿತಾ ತಂಡದ ಜೊತೆ ಬಳ್ಳಾರಿಗೆ ಹೊರಡಲಿಲ್ಲ. ದಾರಿ ಕೇಳಿಕೊಂಡು ಫರ್ಹತ್‌ಳ ಮನೆಗೆ ಹೋದಳು. ಅವಳ ತಾಯಿ ಖೈರುನ್ನೀಸಾ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು. ಯಾರೆಂದು ಕೇಳದೆಯೇ ಗುರುತು ಹಿಡಿದು ಚಹಾ ಕಾಸಿದರು. ಹೇಳಲೋ ಬೇಡವೋ ಎನ್ನುತ್ತಲೇ ಅಕ್ಷಿತಾ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಖೈರುನ್ನೀಸಾರ ಮುಖ ಬಿಗಿದುಕೊಂಡಿತು.

"ಹೆತ್ತಾಕಿ ನಾನು. ನನ್ನ ಕನಸಿನ್ಯಾಗ ಸೈತ ಒಂದ್ ದಿನ ಬಂದಿಲ್ಲ. ನಿನ್ನ ಹತ್ರ ಬರ್ತಾಳಾ?"

ಸುಳ್ಳು ಹೇಳುತ್ತಿದ್ದೀಯೆ ಎಂದಾದರೂ ಆಕೆ ಬೈದಿದ್ದರೆ ಅಕ್ಷಿತಾಳಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಮುಂದಿನ ಆಟ ಎಲ್ಲಿ, ಯಾವಾಗ ಎಂದಷ್ಟೇ ಕೇಳಿದರು.

ಫೈನಲ್ ಬಳ್ಳಾರಿಯಲ್ಲಿ. ಖೈರುನ್ನೀಸಾ ಬೆಳಗಿನ ಬಸ್ಸಿಗೇ ಬಂದು, ಮೈದಾನದ ತಂತಿಬೇಲಿಯ ಹೊರಗೆ, ಕ್ಯಾಚರ್‌ಳ ಬೆನ್ನ ಹಿಂದೆ, ಬುರ್ಖಾದ ಮುಸುಕು ಸರಿಸಿ ನಿಂತರು. ಹುಲುಗಪ್ಪ ಸರ್ ಕುರ್ಚಿ ಹಾಕಿಸಿದರೂ ಕೂರಲಿಲ್ಲ.

ಫರ್ಹತ್ ಬಂದಿದ್ದಳು. ಜಯಶ್ರೀಯ ಹಿಂದೆ, ಎಂದಿನ ಜಾಗದಲ್ಲಿ. ಅಕ್ಷಿತಾ ಬೆರಳಿಗಾಗಿ ಕಾದಳು. ಬೆರಳು ಕಾಣಲಿಲ್ಲ, ಮುಖದ ಜಾಲರಿಯೂ ಕಾಣಲಿಲ್ಲ. ಕಂಡದ್ದು ಜಾಲರಿಯ ಪಟ್ಟಿಯ ಕೆಳಗೆ ಇಳಿಬಿದ್ದ ಜಡೆ. ಫರ್ಹತ್ ಮೈದಾನಕ್ಕೆ ಬೆನ್ನು ಮಾಡಿ, ಬೇಲಿಯ ಕಡೆ ಮುಖ ಮಾಡಿ ಕೂತಿದ್ದಳು.

ಅಕ್ಷಿತಾ ಚೆಂಡು ಹಿಡಿದು ನಿಂತೇ ಇದ್ದಳು. ಫರ್ಹತ್ ತಿರುಗಲಿಲ್ಲ. ಅಂಪೈರ್ ಬೇಗ ಎಸೆಯಲು ಹೇಳಿ ಹೇಳಿ ಸಾಕಾದ. ಅಕ್ಷಿತಾ ಆ ವರ್ಷ ಮೊದಲ ಸಲ ಜಯಶ್ರೀಯ ಕೈ ನೋಡಿದಳು. ಗಿಡ್ಡ ಬೆರಳುಗಳು. ಅವು ಹೇಳಿದಂತೆ ಎಸೆದಳು. ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಕಳೆದವು, ಫರ್ಹತ್ ತಿರುಗಲೇ ಇಲ್ಲ, ಒಂದು ಚೆಂಡೂ ಜಯಶ್ರೀಯ ಕೈ ತಪ್ಪಲಿಲ್ಲ. ಕೊನೆಯ ಇನ್ನಿಂಗ್ಸಿನಲ್ಲಿ ಜಯಶ್ರೀ ಕೇಳಿದ ನೇರ ಚೆಂಡನ್ನು ಎದುರಿನವಳು ಬೇಲಿಯಾಚೆ ಹೊಡೆದಳು. ಒಂದು ರನ್ನಿನಿಂದ ಸೋತರು.

ಹುಡುಗಿಯರು ಅಳುತ್ತಿದ್ದಾಗ ಅಕ್ಷಿತಾ ಬೇಲಿಯತ್ತ ನಡೆದಳು. ದಾರಿಯಲ್ಲಿ ಆ ಜಾಗ ಸಿಕ್ಕಿತು. ಸುಣ್ಣದ ಗೆರೆ, ಕೆದಕಿದ ಮಣ್ಣು, ಬೇರೇನೂ ಇರಲಿಲ್ಲ.

ಖೈರುನ್ನೀಸಾ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ತನಗೇನೂ ಕಾಣಲಿಲ್ಲವೆಂದರು. ಆಟ ಮುಗಿಯುವವರೆಗೆ ಕಣ್ಣು ಕೀಳದೆ ನೋಡಿದೆ, ಬರೀ ಬಿಸಿಲು ಅಂದರು.

"ಬಂದಿದ್ಳಮ್ಮಾ," ಅಂದಳು ಅಕ್ಷಿತಾ. "ಇವತ್ತು ನನಗ ಬೆನ್ನು ಮಾಡಿ ಕುಂತಿದ್ಳು. ಪೂರಾ ಹೊತ್ತು ನಿಮ್ಮನ್ನ ನೋಡ್ತಿದ್ಳು."

ಖೈರುನ್ನೀಸಾ ಅಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅಕ್ಷಿತಾಳ ಮುಂಗೈ ಬಿಡದೆ ನಡೆದರು. ಸಿರುಗುಪ್ಪದ ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ನಿಂತು, ಹಿಂದಿನವರು ನೂಕುತ್ತಿದ್ದರೂ ತಿರುಗಿ ಕೇಳಿದರು:

"ಸೊರಗ್ಯಾಳೇನವ್ವಾ? ಜ್ವರದಾಗ ಭಾಳ ಸೊರಗಿದ್ಳು."

"ಇಲ್ಲಮ್ಮಾ," ಅಂದಳು ಅಕ್ಷಿತಾ. "ಮೈ ತುಂಬ್ಕೊಂಡಾಳ."