ಮಿಸುಕಾಡಬಾರದು

ಕುರುಗೋಡಿನಲ್ಲಿ ಗಾದಿ ಹೊಲಿಯುವ ಫಕೀರಸಾಬ ಕೂತಲ್ಲಿ ಕೂರುವವನಲ್ಲ. ಸ್ಕೂಟರಿನಿಂದ ಬಿದ್ದು ಕಾಲು ಮುರಿದ ಮೇಲೆ ಇಪ್ಪತ್ತು ದಿನ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದೇ ದೊಡ್ಡದು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಉಸಿರು ಸಿಗದೆ ಒದ್ದಾಡಿದ. ಹೆಂಡತಿ ಅಕ್ತರಬಿ ಆಂಬುಲೆನ್ಸ್ ಕರೆಸಿ ಬಳ್ಳಾರಿಗೆ ತಂದಳು.

ಡಾಕ್ಟರ್ ಶ್ರೀಕೃತಿ ಸ್ಕ್ಯಾನ್ ಮಾಡಿ ಅವಳನ್ನು ಹೊರಗೆ ಕರೆದರು. "ಕಾಲಾಗ ಹೆಪ್ಪುಗಟ್ಟಿದ ರಕ್ತ ಹೃದಯಕ್ಕ ಬಂದು ಕುಂತೈತಿ. ಬಿದ್ದಾಗ ತಲಿಗೂ ಪೆಟ್ಟಾಗೈತಿ, ಅದಕ್ಕ ಕರಗಿಸೋ ಇಂಜೆಕ್ಷನ್ ಕೊಡಾಕ ಬರಂಗಿಲ್ಲ. ಎದಿ ಕೊಯ್ಯಂಗಿಲ್ಲ ಅಮ್ಮಾ. ತೊಡಿ ರಕ್ತನಾಳದಾಗ ಕೊಳವಿ ಹಾಕಿ ಹೀರಿ ತೆಗಿತೀವಿ. ಆ ಸಾಮಾನು ಬೆಂಗಳೂರಿಂದ ಬರಾಕತ್ತೈತಿ. ಅಲ್ಲೀತನಕ ಅವರು ಮಿಸುಕಾಡಬಾರದು, ಗಟ್ಟಿ ಕಿತ್ತು ಶ್ವಾಸಕೋಶಕ್ಕ ಹೋದ್ರ ಜೀವಕ್ಕ ಅಪಾಯ."

ಅಕ್ತರಬಿ ಒಳಗೆ ಬಂದು, "ಎದ್ಯಾಗ ಕಫ ಐತಂತ್ರಿ" ಅಂದಳು.

ಅವನು ಮಾಸ್ಕ್ ಕೀಳುತ್ತಿದ್ದ, ಚಾದರ ಒದೆಯುತ್ತಿದ್ದ. ಸಿರುಗುಪ್ಪದಲ್ಲಿ ಬಸ್ ಸಿಗದೆ ನಿಂತಿದ್ದ ಮಗಳು ಫರ್ಜಾನಾ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಹನ್ನೊಂದಾದರೂ ಸಾಮಾನು ತುಮಕೂರಿನ ಈಚೆಗೆ ಬಂದಿತ್ತು, ಅಷ್ಟೇ.

"ಒಂದಕ್ಕ ಹೋಗಬೇಕು."

"ಬಾಟ್ಲಿ ಐತಿ."

"ಇಷ್ಟು ನರ್ಸ್ ಹೆಣ್ಮಕ್ಕಳ ಮುಂದ? ಕೈ ಕೊಡು." ಅವನು ಒಳ್ಳೆಯ ಕಾಲನ್ನು ಆಗಲೇ ಕೆಳಗೆ ಬಿಟ್ಟಿದ್ದ. ಅಕ್ತರಬಿ ಎರಡೂ ಕೈಯಿಂದ ಅವನ ಭುಜ ಒತ್ತಿ ಹಿಡಿದಳು.

"ಇಳದ್ರ ಸಾಯ್ತೀರಿ. ಕಫ ಅಲ್ಲ ಅದು. ಹೃದಯದಾಗ ರಕ್ತದ ಗಟ್ಟಿ ಐತಿ."

"ಮೊದಲ ಹೇಳಬಾರದಿತ್ತಾ?"

"ಹೇಳಿದ್ರ ಮನಿಗೆ ಹೋಗಾಕ ಎದ್ದು ನಿಂತಿರ್ತಿದ್ರಿ."

ಅವನು ಕಾಲು ಮೇಲಕ್ಕೆಳೆದುಕೊಂಡ. ಅವಳು ಪರದೆ ಎಳೆದು ಬಾಟ್ಲಿ ಹಿಡಿದಳು.

ಮೂರಕ್ಕೆ ಅವನನ್ನು ಒಳಗೆ ಒಯ್ದರು. ಅಕ್ತರಬಿ ಮೆಟ್ಟಿಲ ತನಕ ನಡೆದಳು, ತಿರುಗಿ ಬಂದಳು, ಕೂತಳು, ಎದ್ದಳು. ಬಸ್ ಇಳಿದು ಓಡಿಬಂದ ಫರ್ಜಾನಾ ಕೇಳಿದ್ದಕ್ಕೆಲ್ಲ "ಗೊತ್ತಿಲ್ಲವ್ವಾ" ಅಂದಳು. ನಾಲ್ಕೂವರೆಗೆ ಶ್ರೀಕೃತಿ ಟ್ರೇ ಹಿಡಿದು ಬಂದರು. ಬಿಳಿ ಬಟ್ಟೆಯ ಮೇಲೆ ಬೆರಳುದ್ದದ ಕಪ್ಪು ಎಳೆ.

"ಇಷ್ಟೂ ಬಂತು. ಶ್ವಾಸಕೋಶದಾಗ ಸಣ್ಣ ಚೂರು ಅದಾವ. ತಲಿ ಪೆಟ್ಟು ಮಾಯ್ದಂಗ ರಕ್ತ ತಿಳಿ ಮಾಡೋ ಮಾತ್ರೆ ಶುರು ಮಾಡ್ತೀವಿ, ಹೋಗ್ತಾವ."

ಫರ್ಜಾನಾ ಅತ್ತಳು. ಅಕ್ತರಬಿಗೆ ಅಳು ಬರಲಿಲ್ಲ.

ಮೂರನೆಯ ದಿನ ಆಕ್ಸಿಜನ್ ತೆಗೆದರು. ಫಕೀರಸಾಬ ಗಂಜಿ ಕುಡಿದು ಮಧ್ಯಾಹ್ನ ನಿದ್ದೆಗೆ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ತೆರೆದು ನೋಡಿದರೆ ಅಕ್ತರಬಿಯ ಕಣ್ಣು ಅವನ ಎದೆಯ ಮೇಲೆ ನೆಟ್ಟಿತ್ತು.

"ಏನ್ ನೋಡಾಕತ್ತಿ?"

"ಏನಿಲ್ಲ, ಮಲಕೋರಿ" ಅಂದು ಅವಳು ಮತ್ತೆ ಅವನ ಉಸಿರು ಎಣಿಸತೊಡಗಿದಳು.