ಹಸಿರು ಪಟ್ಟಿ ತುಂಬಿದಾಗ

ಚಿಂತಾಮಣಿಯ ಬಸ್‌ಸ್ಟ್ಯಾಂಡಿನ ಹಿಂದೆ ಕೋನಪ್ಪ ಕಂಪ್ಯೂಟರ್ ಜಾತಕದ ಅಂಗಡಿ ತೆರೆದಾಗ, ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದವಳು ಆದಿಲಕ್ಷ್ಮಿ. ಡಿಪ್ಲೊಮಾ ಮುಗಿಸಿ ವರ್ಷವಾಗಿತ್ತಷ್ಟೆ. ಮದುವೆಗಿರುವ ಗಂಡುಗಳ ಜಾತಕಗಳನ್ನೆಲ್ಲ ಅವಳೇ ಕಂಪ್ಯೂಟರಿಗೆ ಹಾಕಿದ್ದಳು. ಹೆಣ್ಣಿನ ಜಾತಕವೊಂದು ಬಂದರೆ, ಅಂಗಡಿಯ ಮುಂಭಾಗದ ಕಂಪ್ಯೂಟರು ಗಂಡುಗಳ ಜಾತಕಗಳನ್ನು ಕಟ್ಟುಕಟ್ಟಾಗಿ ಒಳಕೋಣೆಯ ಎರಡು ಕಂಪ್ಯೂಟರುಗಳಿಗೆ ಹಂಚುತ್ತಿತ್ತು. ಅವೆರಡೂ ಒಟ್ಟೊಟ್ಟಿಗೆ ಕೂಟ ನೋಡಿ, ಹೊಂದಿದ ಹೆಸರುಗಳನ್ನು ಹಿಂದಕ್ಕೆ ಕಳಿಸುತ್ತಿದ್ದವು.

ಅಲ್ಲಿಯವರೆಗೆ ಕಪ್ಪು ಪರದೆ ನೋಡುತ್ತ ಕೂತ ಜನ ಚಡಪಡಿಸುತ್ತಿದ್ದರು. ಏನಾದರೂ ಓಡಾಡೋ ಹಾಗೆ ಮಾಡು ಎಂದು ಕೋನಪ್ಪ ಹೇಳಿದ. ಆದಿಲಕ್ಷ್ಮಿ ಹಸಿರು ಪಟ್ಟಿಯೊಂದನ್ನು ಬರೆದಳು. ಎಡದಿಂದ ಬಲಕ್ಕೆ ತುಂಬುತ್ತ ಹೋಗಿ, ಕೊನೆಗೆ 'ಮುಗಿಯಿತು' ಎನ್ನುವ ಪಟ್ಟಿ. ಅದರಲ್ಲಿ ಒಂದು ಸುಳ್ಳಿತ್ತು. ಒಳಗಿನ ಯಂತ್ರಗಳು ಕೆಲಸ ಮುಗಿಸಿ ತಿಳಿಸಿದಾಗ ಪಟ್ಟಿ ಮುಂದೆ ಹೋಗಬೇಕಿತ್ತು. ಅದನ್ನು ಬರೆಯುವುದು ತೊಡಕೆಂದು ಅವಳು, ಕಟ್ಟನ್ನು ಒಳಗೆ ಕಳಿಸಿದ ಕೂಡಲೇ ಪಟ್ಟಿ ಮುಂದೆ ಹೋಗುವಂತೆ ಮಾಡಿದ್ದಳು. ಹಂಚಿದ್ದನ್ನೇ ಮುಗಿದದ್ದೆಂದು ಪಟ್ಟಿ ಲೆಕ್ಕ ಹಿಡಿಯುತ್ತಿತ್ತು. ವ್ಯತ್ಯಾಸ ಅರೆಗಳಿಗೆಯದು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ದಿಬ್ಬೂರಹಳ್ಳಿಯ ಮುನಿವೆಂಕಟಪ್ಪ ಮಗಳು ಅಶ್ವತ್ಥಮ್ಮನನ್ನು ಕರೆದುಕೊಂಡು ಬಂದ ದಿನ ವೋಲ್ಟೇಜ್ ಏರಿಳಿಯುತ್ತಿತ್ತು. ಒಳಗಿನ ಒಂದು ಕಂಪ್ಯೂಟರು ನಿಂತು, ಮತ್ತೆ ಮೊದಲಿಂದ ಶುರುವಾಗಿತ್ತು. ಇನ್ನೊಂದರ ಪಾಲಿಗೆ ಬಂದ ಜಾತಕಗಳಲ್ಲಿ ಯಾವುದೂ ಹೊಂದಿರಲಿಲ್ಲ. ಹೊರಗೆ ಪಟ್ಟಿ ಮಾತ್ರ ಸರಾಗವಾಗಿ ತುಂಬಿತು. ಕೋನಪ್ಪ ಪ್ರಿಂಟು ತೆಗೆದ. ಒಂದು ಹೆಸರೂ ಇರಲಿಲ್ಲ.

ಮುನಿವೆಂಕಟಪ್ಪ ಆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಕಾಯುತ್ತಿದ್ದ ಅಷ್ಟೂ ಜನರ ಎದುರಿಗೆ ಮಗಳಿಗೆ ಹೇಳಿದ, "ಮಿಷನ್ನೇ ಕೈ ಚೆಲ್ತು. ನಿನ್ನ ಹಣೇಲಿ ಬರ್ದಿಲ್ಲ ಕಣಮ್ಮ."

ಹುಡುಗಿ ಸೆರಗಿನ ತುದಿ ನೋಡುತ್ತ ನಿಂತಳು. ಒಳಕೋಣೆಯ ಬಾಗಿಲಲ್ಲಿದ್ದ ಆದಿಲಕ್ಷ್ಮಿಗೆ ಬೆನ್ನ ಹಿಂದೆ ಯಂತ್ರ ಇನ್ನೂ ಕೆಲಸ ಮಾಡುತ್ತಿದ್ದುದು ಗೊತ್ತಿತ್ತು. ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ ಎಂದರೆ ಸಾಕಿತ್ತು. ಹಾಗೆಂದರೆ ಪಟ್ಟಿಯ ಗುಟ್ಟು ಎಲ್ಲರೆದುರು ಬಯಲಾಗುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಅಪ್ಪ ಮಗಳು ಮೆಟ್ಟಿಲಿಳಿದು ಹೋದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಯಂತ್ರ ಮೂರು ಹೆಸರು ಕಳಿಸಿತು. ಅವಳು ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹೊರಟುಹೋಗಿತ್ತು. ಹೊಸ ಜಾತಕ ಬಂದಿವೆ ಅಂತ ಕಾರ್ಡು ಹಾಕಿದರಾಯಿತು, ತಪ್ಪಾಯಿತು ಅನ್ನಬೇಡ ಎಂದು ಕೋನಪ್ಪ ಹೇಳಿದ. ಕಾರ್ಡು ಬರೆಯಲು ಕೂತವಳಿಗೆ ಆ ಎರಡನೇ ಸುಳ್ಳು ಬರೆಯಲಾಗಲಿಲ್ಲ. ಭಾನುವಾರ ತಾನೇ ದಿಬ್ಬೂರಹಳ್ಳಿಗೆ ಹೋದಳು.

ಅಶ್ವತ್ಥಮ್ಮ ಜಗುಲಿಯ ಮೇಲೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಆದಿಲಕ್ಷ್ಮಿ ಎಲ್ಲವನ್ನೂ ಹೇಳಿದಳು. ಸಂತೋಷಪಡುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಎರಡನ್ನೂ ಮಾಡಲಿಲ್ಲ.

"ಅವತ್ತಿಂದ ಅಪ್ಪ ಗಂಡು ನೋಡೋದು ಬಿಟ್ಟು, ಚಿಕ್ಕಬಳ್ಳಾಪುರಕ್ಕೆ ಟೀಚರ್ ಟ್ರೈನಿಂಗಿಗೆ ಹೋಗು ಅಂದವ್ರೆ. ಎಷ್ಟು ದಿನದಿಂದ ಕೇಳ್ತಿದ್ದೆ," ಎಂದಳು. "ಆದ್ರೆ ಊರವ್ರ ಬಾಯಲ್ಲಿ ನಾನು ದೋಷದ ಹುಡುಗಿ ಆಗ್ಹೋದೆ. ನೀವು ಅಪ್ಪಂಗೆ ಹೇಳಿದ್ರೆ ಓದು ಹೋಗ್ತದೆ, ಹೇಳ್ದಿದ್ರೆ ಮಾನ ಹೋಗ್ತದೆ. ಯಾವುದು ಉಳಿಸ್ಕೊಳ್ಳಲಿ ಅಕ್ಕ?"

ಆದಿಲಕ್ಷ್ಮಿಯ ಕಿವಿ ಬಿಸಿಯಾಯಿತು. ತಪ್ಪೊಪ್ಪಿಕೊಂಡು ಹಗುರಾಗಲು ತಾನು ಬಂದದ್ದು. ಆ ಹುಡುಗಿಯ ಮೇಲೆ ಇನ್ನೊಂದು ಭಾರ ಹೇರಿದಂತಾಗಿತ್ತು.

ಅಷ್ಟರಲ್ಲಿ ತೋಟದಿಂದ ಮುನಿವೆಂಕಟಪ್ಪ ಬಂದ. ಅಶ್ವತ್ಥಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ಹೇಳಿಬಿಡಿ ಎಂಬಂತೆ ತಲೆಯಾಡಿಸಿದಳು. ಆದಿಲಕ್ಷ್ಮಿ ನಿಂತುಕೊಂಡೇ ಹೇಳಿದಳು. ಜಾತಕದಲ್ಲಿ ದೋಷವಿಲ್ಲ, ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ತೋರಿಸಿದ್ದು ನಾನು ಬರೆದ ಪಟ್ಟಿ, ಅದು ನನಗೆ ಮೊದಲೇ ಗೊತ್ತಿತ್ತು ಎಂದಳು.

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಕೇಳಿದ, "ಅವತ್ತು ಅಷ್ಟು ಜನದ ಮುಂದೆ ನಾನು ಆ ಮಾತು ಅಂದಾಗ ನೀನೂ ಅಲ್ಲೇ ಇದ್ಯಲ್ಲಮ್ಮ. ಯಾಕಮ್ಮ ಸುಮ್ಕಿದ್ದೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ಆದಿಲಕ್ಷ್ಮಿ ತಾನು ತಂದಿದ್ದ ಮೂರು ಹೆಸರಿನ ಹಾಳೆಯನ್ನು ಅವನ ಕೈಗಿಟ್ಟಳು. ಕಾಫಿ ಕೊಟ್ಟರು.

ಮುನಿವೆಂಕಟಪ್ಪ ಆ ಹಾಳೆಯನ್ನು ಮಡಚಿ ದೇವರ ಗೂಡಿನಲ್ಲಿಟ್ಟ. ನಾನೂ ಆ ಮಾತು ಆಡಬಾರದಿತ್ತು ಎಂದು ಮಗಳತ್ತ ನೋಡದೆ ಹೇಳಿದ. ಅವಳು ಓದಿಕೊಂಡು ಬರಲಿ, ಗಂಡು ಎಲ್ಲಿಗೂ ಓಡಿಹೋಗುವುದಿಲ್ಲ ಎಂದ. ಅಶ್ವತ್ಥಮ್ಮ ಮುಂದಿನ ತಿಂಗಳು ಟ್ರೈನಿಂಗಿಗೆ ಸೇರಿದಳು.

ಆದಿಲಕ್ಷ್ಮಿಗೆ ಅದರಿಂದ ನೆಮ್ಮದಿ ಸಿಗಲಿಲ್ಲ. ಆ ಭಾನುವಾರ ಹಿಂದಿರುಗುವ ಬಸ್ಸಿನಲ್ಲೇ ಅವಳಿಗೆ ಬೇರೊಂದು ಹೊಳೆದಿತ್ತು: ಇವರಿಗಿಂತ ಮುಂಚೆಯೂ ಎಷ್ಟೋ ಮಂದಿ ಖಾಲಿ ಹಾಳೆ ಹಿಡಿದು ಆ ಮೆಟ್ಟಿಲಿಳಿದಿದ್ದರು. ಅವರಲ್ಲಿ ಯಾರ ಕೆಲಸ ನಿಜವಾಗಿ ಮುಗಿದಿತ್ತು, ಯಾರದು ಮುಗಿದಿರಲಿಲ್ಲ, ತಿಳಿಯುವ ದಾರಿಯೇ ಇರಲಿಲ್ಲ. ಕಿಟಕಿಯ ಪಕ್ಕದ ಹೆಂಗಸು ಯಾವೂರಮ್ಮ, ಏನು ಕೆಲಸ ಎಂದು ಕೇಳಿದಾಗ, ಅವಳು ಊರಿನ ಹೆಸರಷ್ಟೇ ಹೇಳಿ ತಲೆ ತಗ್ಗಿಸಿದಳು.